ವಿದೇಶದಲ್ಲಿ ಓದು ಮುಗಿದ ಮೇಲೆ ಕೆಲಸದ ವೀಸಾ: ಸಾಲಕ್ಕೆ ಸಹಿ ಹಾಕುವ ಮುನ್ನ ತಿಳಿಯಬೇಕಾದದ್ದು

ಚಿತ್ರದುರ್ಗ: ವಿದೇಶಿ ವಿಶ್ವವಿದ್ಯಾಲಯದ ಪ್ರವೇಶ ಪತ್ರ ಕೈಸೇರಿದ ದಿನ ಮನೆಯಲ್ಲಿ ಮೊದಲು ಚರ್ಚೆಗೆ ಬರುವುದು ಶುಲ್ಕ, ನಂತರ ಸಾಲ. ಓದು ಮುಗಿದ ಮೇಲೆ ಆ ದೇಶದಲ್ಲಿ ಎಷ್ಟು ಕಾಲ, ಯಾವ ಷರತ್ತಿನ ಮೇಲೆ ದುಡಿಯಬಹುದು ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಏಳುವುದೇ ಇಲ್ಲ. ಎದ್ದರೂ ‘ಹೋದವರೆಲ್ಲ ಅಲ್ಲೇ ಇದ್ದಾರಲ್ಲ’ ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ. ಆದರೆ ಸಾಲ ತೀರುವುದೂ ತೀರದಿರುವುದೂ ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಹೊಳಲ್ಕೆರೆ, ಹೊಸದುರ್ಗದ ಅಡಿಕೆ-ತೆಂಗಿನ ತೋಟದ ಮನೆಗಳಾಗಲಿ, ಹಿರಿಯೂರಿನ ದಾಳಿಂಬೆ ಬೆಳೆಗಾರರಾಗಲಿ, ಚಿತ್ರದುರ್ಗ ನಗರದ ನೌಕರ ಕುಟುಂಬಗಳಾಗಲಿ, ಮಕ್ಕಳನ್ನು ಸ್ನಾತಕೋತ್ತರ ವ್ಯಾಸಂಗಕ್ಕೆ ಕಳುಹಿಸಲು ನಂಬುವುದು ಬ್ಯಾಂಕ್ ಸಾಲವನ್ನು. ಸಾಲದ ಮರುಪಾವತಿಗೆ ಒಂದು ಗಡುವಿದೆ. ಉದ್ಯೋಗ ಪರವಾನಗಿಗೆ ಇನ್ನೊಂದು ಗಡುವಿದೆ. ಇವೆರಡನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿದವರಿಗೆ ಮಾತ್ರ ನಿಜವಾದ ಚಿತ್ರ ಸಿಗುತ್ತದೆ. 2024 ಮತ್ತು 2025ರಲ್ಲಿ ಪ್ರಮುಖ ದೇಶಗಳು ತಮ್ಮ ನಿಯಮಗಳನ್ನು ಬಿಗಿಗೊಳಿಸಿರುವುದರಿಂದ ಈ ಲೆಕ್ಕ ಇನ್ನಷ್ಟು ಅಗತ್ಯವಾಗಿದೆ.

ಮೂರು ಹಂತ, ಮೂರು ಪರವಾನಗಿ

ಎಲ್ಲ ದೇಶಗಳಲ್ಲೂ ವ್ಯವಸ್ಥೆ ಸ್ಥೂಲವಾಗಿ ಮೂರು ಹಂತಗಳದ್ದು. ಮೊದಲನೆಯದು ವಿದ್ಯಾರ್ಥಿ ವೀಸಾ. ಇದು ಓದಲು ಕೊಟ್ಟ ಅನುಮತಿ. ಕೆಲಸಕ್ಕೆ ಮಿತಿ ಇದೆ. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 2024ರ ನವೆಂಬರ್‌ನಿಂದ ವಾರಕ್ಕೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಹದಿನೈದು ದಿನಕ್ಕೆ 48 ಗಂಟೆ ದುಡಿಯಬಹುದು. ಈ ಆದಾಯ ಊಟ-ವಸತಿಗೆ ನೆರವಾದೀತೇ ಹೊರತು ಸಾಲ ತೀರಿಸಲು ಸಾಲದು.

ಎರಡನೆಯದು ಪದವಿ ಮುಗಿದ ಮೇಲಿನ ತಾತ್ಕಾಲಿಕ ಉದ್ಯೋಗ ಪರವಾನಗಿ. ಇದಕ್ಕೆ ಸಾಮಾನ್ಯವಾಗಿ ಉದ್ಯೋಗದಾತರ ಪ್ರಾಯೋಜಕತ್ವ ಬೇಕಿಲ್ಲ. ಆದರೆ ಅವಧಿ ಸೀಮಿತ. ಮೂರನೆಯದು ಉದ್ಯೋಗದಾತ ಸಂಸ್ಥೆಯ ಅರ್ಜಿ ಅಥವಾ ಒಪ್ಪಂದದ ಆಧಾರದಲ್ಲಿ ದೊರೆಯುವ ಪೂರ್ಣ ಪ್ರಮಾಣದ ಉದ್ಯೋಗ ವೀಸಾ. ಎರಡನೆಯ ಹಂತದ ಅವಧಿ ತೀರುವುದರೊಳಗೆ ಮೂರನೆಯದಕ್ಕೆ ದಾಟದವರು ಹಿಂತಿರುಗಬೇಕು, ಇಲ್ಲವೇ ಮತ್ತೆ ಶುಲ್ಕ ಕಟ್ಟಿ ಓದಿಗೆ ಸೇರಬೇಕು. ಸಮಾಲೋಚನಾ ಕೇಂದ್ರಗಳ ಜಾಹೀರಾತುಗಳಲ್ಲಿ ಎದ್ದು ಕಾಣುವುದು ಎರಡನೆಯ ಹಂತ. ಕುಟುಂಬದ ಭವಿಷ್ಯ ನಿಂತಿರುವುದು ಮೂರನೆಯದರ ಮೇಲೆ.

ಅಮೆರಿಕ: ಒಂದು ವರ್ಷವೋ, ಮೂರು ವರ್ಷವೋ?

2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಇವರಲ್ಲಿ 97,556 ಮಂದಿ ಓದು ಮುಗಿಸಿ ‘ಒಪಿಟಿ’ ಎಂಬ ಪ್ರಾಯೋಗಿಕ ತರಬೇತಿ ಪರವಾನಗಿಯ ಮೇಲೆ ಕೆಲಸದಲ್ಲಿದ್ದವರು.

ಒಪಿಟಿಯ ಅವಧಿ 12 ತಿಂಗಳು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಗುಂಪಿಗೆ, ಅಂದರೆ ‘ಸ್ಟೆಮ್’ ಪಟ್ಟಿಗೆ ಸೇರಿದ ಪದವಿಯಾದರೆ ಇನ್ನೂ 24 ತಿಂಗಳ ವಿಸ್ತರಣೆಗೆ ಅವಕಾಶವಿದೆ. 2016ರಿಂದ ಜಾರಿಯಲ್ಲಿರುವ ಈ ನಿಯಮದಂತೆ ಒಟ್ಟು ಅವಧಿ 36 ತಿಂಗಳಾಗುತ್ತದೆ. ಕೋರ್ಸಿನ ಹೆಸರು ನೋಡಿ ಇದನ್ನು ನಿರ್ಧರಿಸಲಾಗದು. ಒಂದೇ ಹೆಸರಿನ ನಿರ್ವಹಣಾ ಪದವಿ ಒಂದು ವಿಶ್ವವಿದ್ಯಾಲಯದಲ್ಲಿ ಸ್ಟೆಮ್ ಪಟ್ಟಿಯಲ್ಲಿದ್ದು, ಇನ್ನೊಂದರಲ್ಲಿ ಇಲ್ಲದಿರಬಹುದು. ವಿಶ್ವವಿದ್ಯಾಲಯ ನೀಡುವ ‘ಐ-20’ ಪತ್ರದಲ್ಲಿ ನಮೂದಾಗಿರುವ ವಿಷಯ ಸಂಕೇತವೇ ಪ್ರಮಾಣ.

ಇದರಲ್ಲಿ ದಿನಗಳ ಲೆಕ್ಕ ಕಟ್ಟುನಿಟ್ಟು. ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ ಮುಗಿದ 60 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಪರವಾನಗಿ ಆರಂಭವಾದ ಮೇಲೆ ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಕಾಲ ನಿರುದ್ಯೋಗಿಯಾಗಿ ಇರುವಂತಿಲ್ಲ. ಸ್ಟೆಮ್ ವಿಸ್ತರಣೆ ಪಡೆದವರಿಗೆ ಇಡೀ ಅವಧಿಗೆ ಸೇರಿ 150 ದಿನ. ಕೆಲಸ ಓದಿದ ವಿಷಯಕ್ಕೆ ಸಂಬಂಧಿಸಿರಬೇಕು. ಸ್ಟೆಮ್ ವಿಸ್ತರಣೆಗೆ ಉದ್ಯೋಗದಾತರು ಅಲ್ಲಿನ ಸರ್ಕಾರದ ‘ಇ-ವೆರಿಫೈ’ ವ್ಯವಸ್ಥೆಯಲ್ಲಿ ನೋಂದಾಯಿತರಾಗಿದ್ದು, ತರಬೇತಿ ಯೋಜನೆಗೆ ಸಹಿ ಹಾಕಬೇಕು. ಓದುವ ಅವಧಿಯಲ್ಲಿಯೇ ‘ಸಿಪಿಟಿ’ ಹೆಸರಿನಲ್ಲಿ 12 ತಿಂಗಳು ಪೂರ್ಣಾವಧಿ ಕೆಲಸ ಮಾಡಿದವರು ಅದೇ ಹಂತದ ಪದವಿಗೆ ಒಪಿಟಿಯ ಅರ್ಹತೆಯನ್ನೇ ಕಳೆದುಕೊಳ್ಳುತ್ತಾರೆ.

ಮುಂದಿನ ಹಂತ ಎಚ್-1ಬಿ. ವರ್ಷಕ್ಕೆ 65,000 ಹಾಗೂ ಅಮೆರಿಕದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಹೆಚ್ಚುವರಿಯಾಗಿ 20,000 ಎಂಬ ಮಿತಿ ಇದೆ. ಮಾರ್ಚ್‌ನಲ್ಲಿ ಉದ್ಯೋಗದಾತರು ನೋಂದಣಿ ಮಾಡುತ್ತಾರೆ, ನೋಂದಣಿಗಳು ಮಿತಿ ಮೀರಿದರೆ ಆಯ್ಕೆ ನಡೆಯುತ್ತದೆ, ಆಯ್ಕೆಯಾದವರ ವೀಸಾ ಅಕ್ಟೋಬರ್‌ನಿಂದ ಜಾರಿಗೆ ಬರುತ್ತದೆ. ಆದ್ದರಿಂದ ಸ್ಟೆಮ್ ಪದವೀಧರರಿಗೆ ಸಾಮಾನ್ಯವಾಗಿ ಮೂರು ಮಾರ್ಚ್‌ಗಳು ಸಿಗುತ್ತವೆ. ಉಳಿದವರಿಗೆ ಸಿಗುವುದು ಒಂದೇ.

ಈ ವ್ಯವಸ್ಥೆಯಲ್ಲಿ ಎರಡು ಬದಲಾವಣೆಗಳಾಗಿವೆ. 2025ರ ಸೆಪ್ಟೆಂಬರ್ 21ರಿಂದ 12 ತಿಂಗಳ ಅವಧಿಗೆ, ವಿಸ್ತರಣೆಯ ಅವಕಾಶವನ್ನೂ ಉಳಿಸಿಕೊಂಡು, ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಅಧ್ಯಕ್ಷರ ಘೋಷಣೆ ಹೊರಬಿತ್ತು. ಆಗಿನ ವಿನಿಮಯ ದರದಲ್ಲಿ ಇದು ಸುಮಾರು 88 ಲಕ್ಷ ರೂಪಾಯಿ. ಆದರೆ ಅಮೆರಿಕದೊಳಗಿದ್ದೇ ವಿದ್ಯಾರ್ಥಿ ಸ್ಥಾನಮಾನದಿಂದ ಎಚ್-1ಬಿಗೆ ಬದಲಾಗುವವರಿಗೆ ಇದು ಅನ್ವಯಿಸದೆಂದು ಅಲ್ಲಿನ ವಲಸೆ ಇಲಾಖೆ ಅದೇ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಅಂದರೆ ಹಿಂತಿರುಗಿ ಬಂದು ಇಲ್ಲಿಂದ ಅರ್ಜಿ ಹಾಕಿಸುವ ದಾರಿ ದುಬಾರಿಯಾಯಿತು. ಅಲ್ಲಿಯೇ ಇದ್ದು ಬದಲಾಯಿಸಿಕೊಳ್ಳುವ ದಾರಿ ಉಳಿಯಿತು. ಎರಡನೆಯದಾಗಿ, ಎಲ್ಲರಿಗೂ ಸಮಾನ ಅವಕಾಶವಿದ್ದ ಲಾಟರಿಯ ಬದಲು ವೇತನದ ಆಧಾರದಲ್ಲಿ ಆಯ್ಕೆ ನಡೆಸುವ ನಿಯಮವನ್ನು 2025ರ ಡಿಸೆಂಬರ್‌ನಲ್ಲಿ ಅಂತಿಮಗೊಳಿಸಲಾಯಿತು. 2026ರ ಫೆಬ್ರವರಿ 27ರಿಂದ ಜಾರಿಗೆ ಬರುವಂತೆ ಮಾಡಿದ ಈ ನಿಯಮದ ಪ್ರಕಾರ ಅತಿ ಹೆಚ್ಚು ವೇತನ ಶ್ರೇಣಿಯವರ ಹೆಸರು ನಾಲ್ಕು ಬಾರಿ, ಅತಿ ಕಡಿಮೆ ಶ್ರೇಣಿಯವರ ಹೆಸರು ಒಂದು ಬಾರಿ ಆಯ್ಕೆಗೆ ಸೇರುತ್ತದೆ. ಹೊಸದಾಗಿ ಓದು ಮುಗಿಸಿದವರು ಬಹುತೇಕ ಕೆಳ ಶ್ರೇಣಿಯಲ್ಲಿಯೇ ಇರುವುದರಿಂದ ಹೊಡೆತ ಬೀಳುವುದು ಅವರಿಗೇ.

ವಿಶ್ವವಿದ್ಯಾಲಯಗಳು ಮತ್ತು ಲಾಭರಹಿತ ಸಂಶೋಧನಾ ಸಂಸ್ಥೆಗಳು ಈ ವಾರ್ಷಿಕ ಮಿತಿಗೆ ಒಳಪಡುವುದಿಲ್ಲ. ಸಂಶೋಧನೆಯಲ್ಲಿ ಆಸಕ್ತಿ ಇರುವವರು ಈ ಅಂಶವನ್ನು ಗಮನಿಸಬಹುದು.

ಬ್ರಿಟನ್: ಅರ್ಜಿಯ ದಿನಾಂಕವೇ ನಿರ್ಣಾಯಕ

ನಿಯಮ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಬ್ರಿಟನ್ ಉತ್ತಮ ಉದಾಹರಣೆ. ಅಲ್ಲಿ ಓದಿನ ನಂತರದ ಉದ್ಯೋಗ ವೀಸಾವನ್ನು 2012ರ ಏಪ್ರಿಲ್‌ನಲ್ಲಿ ಮುಚ್ಚಲಾಯಿತು. 2021ರ ಜುಲೈ 1ರಂದು ‘ಗ್ರಾಜುಯೇಟ್ ರೂಟ್’ ಹೆಸರಿನಲ್ಲಿ ಮತ್ತೆ ತೆರೆಯಲಾಯಿತು. ಪದವಿ, ಸ್ನಾತಕೋತ್ತರ ಪದವೀಧರರಿಗೆ ಎರಡು ವರ್ಷ, ಪಿಎಚ್‌ಡಿ ಪಡೆದವರಿಗೆ ಮೂರು ವರ್ಷ ನಿಗದಿಯಾಯಿತು. ಈಗ 2027ರ ಜನವರಿ 1 ಅಥವಾ ನಂತರ ಅರ್ಜಿ ಸಲ್ಲಿಸುವ ಪದವಿ, ಸ್ನಾತಕೋತ್ತರ ಪದವೀಧರರಿಗೆ ಈ ಅವಧಿಯನ್ನು 18 ತಿಂಗಳಿಗೆ ಇಳಿಸಲಾಗಿದೆ.

2025ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೇರಿದವರ ಸ್ಥಿತಿ ನೋಡಿ. ವಿಶ್ವವಿದ್ಯಾಲಯವು ಕೋರ್ಸ್ ಮುಗಿದ ವಿಷಯವನ್ನು ಗೃಹ ಇಲಾಖೆಗೆ ತಿಳಿಸಿದ ನಂತರವೇ ವಿದ್ಯಾರ್ಥಿ ಅರ್ಜಿ ಹಾಕಬಹುದು. 2026ರ ಡಿಸೆಂಬರ್ 31ರೊಳಗೆ ಅರ್ಜಿ ಸಲ್ಲಿಸಿದರೆ ಎರಡು ವರ್ಷ. ಫಲಿತಾಂಶ ತಡವಾಗಿ ಅರ್ಜಿ ಜನವರಿಗೆ ಹೋದರೆ ಆರು ತಿಂಗಳು ನಷ್ಟ. ಅರ್ಜಿಯನ್ನು ಬ್ರಿಟನ್ನಿನಲ್ಲಿದ್ದುಕೊಂಡೇ, ವಿದ್ಯಾರ್ಥಿ ವೀಸಾ ಮುಗಿಯುವುದರೊಳಗೆ ಸಲ್ಲಿಸಬೇಕು. ಈ ವೀಸಾ ಒಮ್ಮೆ ಮಾತ್ರ, ವಿಸ್ತರಣೆ ಇಲ್ಲ. ವೀಸಾ ಶುಲ್ಕವಲ್ಲದೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಮೇಲ್ತೆರಿಗೆಯನ್ನೂ ಮುಂಗಡವಾಗಿ ಕಟ್ಟಬೇಕು.

ಮುಂದೆ ‘ಸ್ಕಿಲ್ಡ್ ವರ್ಕರ್’ ವೀಸಾಕ್ಕೆ 2025ರ ಜುಲೈ 22ರಿಂದ ವಾರ್ಷಿಕ ಕನಿಷ್ಠ ವೇತನ 41,700 ಪೌಂಡ್. ಹೊಸದಾಗಿ ವೃತ್ತಿಗೆ ಇಳಿಯುವವರಿಗೆ 33,400 ಪೌಂಡ್. ಆಯಾ ವೃತ್ತಿಗೆ ನಿಗದಿಯಾದ ದರ ಇದಕ್ಕಿಂತ ಹೆಚ್ಚಿದ್ದರೆ ಅದೇ ಅನ್ವಯ. ಉದ್ಯೋಗದಾತರಿಗೆ ಸರ್ಕಾರದ ಪ್ರಾಯೋಜಕ ಪರವಾನಗಿ ಇರಬೇಕು. ಆ ಪಟ್ಟಿ ಬಹಿರಂಗವಾಗಿ ಲಭ್ಯವಿದೆ. ಹಿರಿಯರ ಆರೈಕೆ ಕೆಲಸಗಾರರನ್ನು ವಿದೇಶದಿಂದ ನೇಮಿಸಿಕೊಳ್ಳುವ ಮಾರ್ಗವನ್ನೂ ಅದೇ ದಿನ ಮುಚ್ಚಲಾಗಿದೆ. 2024ರ ಜನವರಿಯಿಂದ ಸಂಶೋಧನಾ ವಿದ್ಯಾರ್ಥಿಗಳ ಹೊರತು ಹೆಚ್ಚಿನವರು ಪತಿ, ಪತ್ನಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ.

ಕೆನಡಾ: ಕಾಲೇಜಿಗಿಂತ ಕೋರ್ಸ್ ಮುಖ್ಯ

ಕೆನಡಾದ ಪರವಾನಗಿ ಜೀವನದಲ್ಲಿ ಒಮ್ಮೆ ಮಾತ್ರ ದೊರೆಯುತ್ತದೆ. ಕೋರ್ಸ್ ಕನಿಷ್ಠ 8 ತಿಂಗಳಿನದ್ದಾಗಿರಬೇಕು. ಎರಡು ವರ್ಷಕ್ಕಿಂತ ಕಡಿಮೆಯ ಕೋರ್ಸಿಗೆ ಅಷ್ಟೇ ಅವಧಿಯ ಪರವಾನಗಿ. ಎರಡು ವರ್ಷ ಅಥವಾ ಹೆಚ್ಚಿನದಕ್ಕೆ ಮೂರು ವರ್ಷ. ಸ್ನಾತಕೋತ್ತರ ಪದವಿಯಾದರೆ ಕೋರ್ಸ್ ಚಿಕ್ಕದಿದ್ದರೂ ಮೂರು ವರ್ಷ ನೀಡುವ ನಿಯಮ 2024ರ ಫೆಬ್ರವರಿಯಲ್ಲಿ ಬಂದಿತು.

2024ರ ನವೆಂಬರ್ 1ರಿಂದ ಭಾಷಾ ಪರೀಕ್ಷೆಯ ಅಂಕ ಕಡ್ಡಾಯವಾಗಿದೆ. ಪದವಿಯಲ್ಲದ ಡಿಪ್ಲೊಮಾ ಕೋರ್ಸುಗಳಿಗೆ ಇನ್ನೊಂದು ಷರತ್ತಿದೆ: ಸರ್ಕಾರ ಪ್ರಕಟಿಸಿದ ವಿಷಯಗಳ ಪಟ್ಟಿಯಲ್ಲಿ ಆ ಕೋರ್ಸ್ ಇರಬೇಕು. ಸಾರ್ವಜನಿಕ ಕಾಲೇಜಿನ ಪಠ್ಯಕ್ರಮವನ್ನು ಖಾಸಗಿ ಕಾಲೇಜಿನಲ್ಲಿ ಬೋಧಿಸುವ ಜಂಟಿ ವ್ಯವಸ್ಥೆಗೆ 2024ರ ಮೇ 15ರ ನಂತರ ಸೇರಿದವರಿಗೆ ಈ ಪರವಾನಗಿ ಇಲ್ಲ. ಕಡಿಮೆ ಶುಲ್ಕದ ಡಿಪ್ಲೊಮಾ ಆರಿಸಿಕೊಳ್ಳುವವರು ಇವನ್ನು ಮೊದಲೇ ಪರಿಶೀಲಿಸದಿದ್ದರೆ, ಓದು ಮುಗಿದ ದಿನವೇ ಅವಕಾಶವೂ ಮುಗಿಯುತ್ತದೆ. ಕೋರ್ಸ್ ಪೂರ್ಣಗೊಂಡ ದೃಢೀಕರಣ ಸಿಕ್ಕ 180 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

ಜರ್ಮನಿ, ಐರ್ಲೆಂಡ್, ಆಸ್ಟ್ರೇಲಿಯಾ

ಜರ್ಮನಿಯ ಹೆಚ್ಚಿನ ರಾಜ್ಯಗಳ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕವಿದೆ. ಜೀವನ ವೆಚ್ಚಕ್ಕೆ ವರ್ಷಕ್ಕೆ 11,904 ಯೂರೊ ಮೊತ್ತವನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕೆಂದು 2024ರಲ್ಲಿ ನಿಗದಿಯಾಯಿತು. ಭಾರತೀಯ ಅರ್ಜಿದಾರರಿಗೆ 2022ರ ನವೆಂಬರ್‌ನಿಂದ ‘ಎಪಿಎಸ್’ ಪ್ರಮಾಣಪತ್ರ ಕಡ್ಡಾಯ. ಪದವಿಯ ನಂತರ ಉದ್ಯೋಗ ಹುಡುಕಲು 18 ತಿಂಗಳ ವಾಸದ ಪರವಾನಗಿ ದೊರೆಯುತ್ತದೆ. ಆ ಅವಧಿಯಲ್ಲಿ ಯಾವುದೇ ಕೆಲಸ ಮಾಡಬಹುದು. ‘ಬ್ಲೂ ಕಾರ್ಡ್’ಗೆ 2025ರಲ್ಲಿದ್ದ ವಾರ್ಷಿಕ ವೇತನ ಮಿತಿ 48,300 ಯೂರೊ, ಹೊಸ ಪದವೀಧರರಿಗೆ ಸುಮಾರು 43,760 ಯೂರೊ. ಈ ಮಿತಿ ಪ್ರತಿ ವರ್ಷ ಪರಿಷ್ಕರಣೆಯಾಗುತ್ತದೆ. ಇಲ್ಲಿನ ನಿಜವಾದ ತಡೆ ವೀಸಾ ಅಲ್ಲ, ಭಾಷೆ. ಇಂಗ್ಲಿಷಿನಲ್ಲಿ ಓದು ಮುಗಿಸಬಹುದು. ಆದರೆ ದೊಡ್ಡ ನಗರಗಳ ಸಾಫ್ಟ್‌ವೇರ್ ಕ್ಷೇತ್ರ ಬಿಟ್ಟರೆ ಜರ್ಮನ್ ಬಾರದವರಿಗೆ ಕೆಲಸ ಸಿಗುವುದು ಕಷ್ಟ.

ಐರ್ಲೆಂಡ್‌ನಲ್ಲಿ ಆನರ್ಸ್ ಪದವೀಧರರಿಗೆ 12 ತಿಂಗಳು, ಸ್ನಾತಕೋತ್ತರ ಪದವೀಧರರಿಗೆ ಒಟ್ಟು 24 ತಿಂಗಳ ಅವಕಾಶವಿದೆ. ಆಸ್ಟ್ರೇಲಿಯಾದಲ್ಲಿ 2024ರ ಜುಲೈ 1ರಿಂದ ತಾತ್ಕಾಲಿಕ ಪದವೀಧರ ವೀಸಾಕ್ಕೆ ವಯೋಮಿತಿ 35ಕ್ಕೆ ಇಳಿದಿದೆ. ಸಂಶೋಧನಾ ಪದವೀಧರರಿಗೆ ವಿನಾಯಿತಿ ಇದೆ. ಭಾರತದೊಂದಿಗಿನ ವ್ಯಾಪಾರ ಒಪ್ಪಂದದ ಕಾರಣ ನಮ್ಮ ಸ್ನಾತಕೋತ್ತರ ಪದವೀಧರರಿಗೆ ಮೂರು ವರ್ಷ, ಪಿಎಚ್‌ಡಿ ಪಡೆದವರಿಗೆ ನಾಲ್ಕು ವರ್ಷ ಸಿಗುತ್ತದೆ. ಆದರೆ ಆಸ್ಟ್ರೇಲಿಯಾದಲ್ಲಿ ಕನಿಷ್ಠ ಎರಡು ಶೈಕ್ಷಣಿಕ ವರ್ಷಗಳ ಓದು ಆಗಿರಬೇಕು. ಒಂದು ವರ್ಷದ ಕೋರ್ಸ್ ಮಾತ್ರ ಮುಗಿಸಿದವರಿಗೆ ಈ ಸೌಲಭ್ಯವಿಲ್ಲ.

ವೈದ್ಯಕೀಯ ವಿದ್ಯಾರ್ಥಿಗಳ ಲೆಕ್ಕ ಬೇರೆ

ರಷ್ಯಾ, ಕಜಕಸ್ತಾನ, ಕಿರ್ಗಿಸ್ತಾನ ಮೊದಲಾದೆಡೆ ಎಂಬಿಬಿಎಸ್‌ಗೆ ಹೋಗುವವರು ಬಹುತೇಕ ಅಲ್ಲಿ ಉಳಿಯಲು ಹೋಗುವುದಿಲ್ಲ. ಹಿಂತಿರುಗಿ ವೃತ್ತಿ ಮಾಡುವುದೇ ಉದ್ದೇಶ. ಇವರಿಗೆ ಮುಖ್ಯವಾದದ್ದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನವೆಂಬರ್‌ನ ನಿಯಮ. ಕೋರ್ಸ್ ಕನಿಷ್ಠ 54 ತಿಂಗಳಿನದ್ದಾಗಿ, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಆ ದೇಶದಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳಲು ಅರ್ಹತೆ ಕೊಡುವ ಪದವಿಯೇ ಆಗಿರಬೇಕು. ನಂತರ ಇಲ್ಲಿ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪದವಿ ಇದ್ದೂ ವೃತ್ತಿ ಇಲ್ಲದಂತಾಗುತ್ತದೆ.

ಸಾಲದ ಗಡುವು

ಈಗ ಹಾಳೆಯ ಇನ್ನೊಂದು ಬದಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಕೋರ್ಸಿನ ಅವಧಿ ಹಾಗೂ ನಂತರದ ಒಂದು ವರ್ಷ ಮರುಪಾವತಿಗೆ ರಜೆ. ಆಮೇಲೆ 15 ವರ್ಷದವರೆಗೆ ಕಂತು. ರಜೆಯ ಅವಧಿಯಲ್ಲಿಯೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಉದಾಹರಣೆಗೆ, 40 ಲಕ್ಷ ರೂಪಾಯಿ ಸಾಲ, ಶೇ 11ರ ಬಡ್ಡಿ, ಎರಡು ವರ್ಷದ ಕೋರ್ಸ್ ಎಂದಿಟ್ಟುಕೊಳ್ಳೋಣ. ಹಣ ಆರಂಭದಲ್ಲಿಯೇ ಪೂರ್ತಿ ಬಿಡುಗಡೆಯಾಗಿದ್ದರೆ ಮೂರು ವರ್ಷದ ಸರಳ ಬಡ್ಡಿ 13.2 ಲಕ್ಷ. ಸೆಮಿಸ್ಟರ್‌ವಾರು ಬಿಡುಗಡೆಯಾದರೆ ಇದಕ್ಕಿಂತ ಕಡಿಮೆ. ಬಡ್ಡಿಯನ್ನು ಆಗಾಗ ಕಟ್ಟುತ್ತ ಬಂದವರಿಗೆ ಹತ್ತು ವರ್ಷದ ಮಾಸಿಕ ಕಂತು ಸುಮಾರು 55,000 ರೂಪಾಯಿ. ಕಟ್ಟದೆ ಬಡ್ಡಿ ಅಸಲಿಗೆ ಸೇರಿದರೆ ಸುಮಾರು 73,000 ರೂಪಾಯಿ. ಡಾಲರ್ ಸಂಬಳದಲ್ಲಿ ಇದು ಹಗುರ. ಊರಿಗೆ ಮರಳಿ ಬೆಂಗಳೂರಿನ ಆರಂಭಿಕ ಸಂಬಳದಲ್ಲಿ ಇದು ಇಡೀ ತಿಂಗಳ ದುಡಿಮೆ.

ಅಮೆರಿಕದಲ್ಲಿ ಸ್ಟೆಮ್ ಅಲ್ಲದ ಪದವಿ ಪಡೆದವರ ಒಪಿಟಿ ಮುಗಿಯುವುದೂ ಊರಿನಲ್ಲಿ ಮೊದಲ ಕಂತು ಆರಂಭವಾಗುವುದೂ ಹೆಚ್ಚು ಕಡಿಮೆ ಒಂದೇ ಸಮಯಕ್ಕೆ. ಇದೇ ಅಪಾಯದ ಬಿಂದು. ಸ್ಟೆಮ್ ಪದವೀಧರರಿಗೆ ಕಂತು ಆರಂಭವಾದ ಮೇಲೂ ಎರಡು ವರ್ಷ ಸಿಗುತ್ತದೆ. ಒಂದೇ ಮೊತ್ತದ ಸಾಲಕ್ಕೆ ಕೋರ್ಸಿನ ಸಂಕೇತವೊಂದು ಇಷ್ಟು ವ್ಯತ್ಯಾಸ ತರುತ್ತದೆ.

ಭದ್ರತೆಯ ವಿಷಯದಲ್ಲಿ ನಮ್ಮ ಭಾಗದ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. 7.5 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ. ಮೇಲ್ಪಟ್ಟರೆ ಬ್ಯಾಂಕುಗಳು ಸಾಮಾನ್ಯವಾಗಿ ಕೇಳುತ್ತವೆ. ಆದರೆ ಕೃಷಿ ಭೂಮಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲವಾದ್ದರಿಂದ ಅನೇಕ ಬ್ಯಾಂಕುಗಳು ತೋಟವನ್ನು ಶಿಕ್ಷಣ ಸಾಲಕ್ಕೆ ಭದ್ರತೆಯಾಗಿ ಒಪ್ಪುವುದಿಲ್ಲ. ಎಕರೆಗಟ್ಟಲೆ ಅಡಿಕೆ ತೋಟವಿದ್ದರೂ ಕೊನೆಗೆ ಅಡವಾಗುವುದು ವಾಸದ ಮನೆ ಅಥವಾ ಪಟ್ಟಣದ ನಿವೇಶನ. ಅದೂ ಇಲ್ಲದವರು ಖಾಸಗಿ ಹಣಕಾಸು ಸಂಸ್ಥೆಗಳ ಹೆಚ್ಚಿನ ಬಡ್ಡಿಗೆ ಅಥವಾ ಕೈಸಾಲಕ್ಕೆ ತಿರುಗುತ್ತಾರೆ.

ಕೇಂದ್ರದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ ಸೀಮಿತ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಸಾಲಕ್ಕೆ ಮೊದಲು ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಹಾಗೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಆಯಾ ವರ್ಷದ ಪ್ರಕಟಣೆಗಳನ್ನು ನೋಡುವುದು ಒಳಿತು. ವಿದ್ಯಾರ್ಥಿವೇತನ ಪಡೆಯುವವರು ಓದಿನ ನಂತರದ ವಾಸ್ತವ್ಯದ ಬಗ್ಗೆ ಒಪ್ಪಂದದಲ್ಲಿ ಏನಿದೆ ಎಂಬುದನ್ನು ಓದಿಯೇ ಸಹಿ ಹಾಕಬೇಕು.

ಅಡ್ಡದಾರಿಯ ಬೆಲೆ

ಅವಧಿ ಮುಗಿಯುತ್ತ ಬಂದಾಗ ‘ಹೇಗಾದರೂ ಉಳಿಸುತ್ತೇವೆ’ ಎನ್ನುವವರು ಎದುರಾಗುತ್ತಾರೆ. 2019ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನ ‘ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ’ದ ಪ್ರಕರಣ ಹೊರಬಂದಾಗ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ತರಗತಿಯೇ ಇಲ್ಲದ ಆ ಸಂಸ್ಥೆಯನ್ನು ರಹಸ್ಯ ಕಾರ್ಯಾಚರಣೆಗಾಗಿ ಸ್ಥಾಪಿಸಿದ್ದು ಅಲ್ಲಿನ ಸರ್ಕಾರವೇ. 2023ರಲ್ಲಿ ಕೆನಡಾದಲ್ಲಿ ನಕಲಿ ಪ್ರವೇಶ ಪತ್ರಗಳ ಪ್ರಕರಣದಲ್ಲಿ ಹಲವು ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಭೀತಿ ಎದುರಿಸಿದರು. ಮೋಸ ಮಾಡಿದ್ದು ಮಧ್ಯವರ್ತಿ. ನೋಟಿಸ್ ಬಂದದ್ದು ವಿದ್ಯಾರ್ಥಿಗೆ.

ವಿದೇಶಿ ಉದ್ಯೋಗಕ್ಕೆ ನೇಮಕ ಮಾಡುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ವಿದ್ಯಾಭ್ಯಾಸದ ಸಲಹೆ ನೀಡುವ ಕೇಂದ್ರಗಳಿಗೆ ಈ ನೋಂದಣಿಯ ಕಟ್ಟುಪಾಡು ಇಲ್ಲ. ಆದ್ದರಿಂದ ಓದಿನ ಜೊತೆಗೆ ಕೆಲಸವನ್ನೂ ಖಾತರಿಯಾಗಿ ಕೊಡಿಸುತ್ತೇವೆ ಎನ್ನುವವರ ಬಳಿ ನೋಂದಣಿ ಸಂಖ್ಯೆ ಕೇಳುವುದು ಮೊದಲ ಹೆಜ್ಜೆ.

ಹೊರಡುವ ಮುನ್ನ ಉತ್ತರ ಬೇಕಾದ ಪ್ರಶ್ನೆಗಳು

* ಆಯ್ದ ಕೋರ್ಸ್ ಓದಿನ ನಂತರದ ಪರವಾನಗಿಗೆ ಅರ್ಹವೇ? ಎಷ್ಟು ತಿಂಗಳು? ಇದನ್ನು ಆ ದೇಶದ ಸರ್ಕಾರದ ಅಧಿಕೃತ ತಾಣದಲ್ಲಿಯೇ ನೋಡಿ.
* ಅರ್ಜಿ ಸಲ್ಲಿಸುವ ಕೊನೆಯ ದಿನ ಯಾವುದು? ದೇಶದೊಳಗಿದ್ದೇ ಸಲ್ಲಿಸಬೇಕೇ?
* ಪೂರ್ಣ ಉದ್ಯೋಗ ವೀಸಾಕ್ಕೆ ಬೇಕಾದ ವೇತನ ಎಷ್ಟು? ಆ ಕೋರ್ಸ್ ಮುಗಿಸಿದವರಿಗೆ ಅಷ್ಟು ವೇತನ ಸಿಗುತ್ತಿದೆಯೇ? ವಿಶ್ವವಿದ್ಯಾಲಯದ ಉದ್ಯೋಗ ವಿಭಾಗಕ್ಕೆ ಬರೆದು ಕೇಳಿ.
* ಸಾಲದ ಮೊದಲ ಕಂತು ಯಾವ ತಿಂಗಳು? ಅಂದು ಪರವಾನಗಿ ಜಾರಿಯಲ್ಲಿರುತ್ತದೆಯೇ?
* ಹಿಂತಿರುಗಬೇಕಾಗಿ ಬಂದರೆ ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಲು ಸಾಧ್ಯವೇ?

ಕೊನೆಯ ಪ್ರಶ್ನೆಗೆ ‘ಹೌದು’ ಎನ್ನುವ ಮಟ್ಟಕ್ಕೆ ಸಾಲವನ್ನು ಇಳಿಸಿಕೊಂಡವರು ನಿಯಮ ಬದಲಾದರೂ ತತ್ತರಿಸುವುದಿಲ್ಲ. ಹಿಂತಿರುಗುವುದು ಸೋಲೂ ಅಲ್ಲ. ಹಿರಿಯೂರು, ಚಿತ್ರದುರ್ಗದಿಂದ ಹೆದ್ದಾರಿಯಲ್ಲಿ ಕೆಲವೇ ಗಂಟೆಗಳ ದೂರದ ಬೆಂಗಳೂರಿನಲ್ಲಿ ಬಹುರಾಷ್ಟ್ರೀಯ ಕಂಪನಿಗಳ ತಂತ್ರಜ್ಞಾನ ಕೇಂದ್ರಗಳಿವೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವಿದೇಶಿ ಪದವಿಗೆ ಇಲ್ಲಿಯೂ ಬೆಲೆ ಇದೆ. ಬೆಲೆ ಇಲ್ಲದಂತೆ ಮಾಡುವುದು ಅಳತೆ ಮೀರಿದ ಸಾಲ. ವೀಸಾದ ನಿಯಮ ನಮ್ಮ ಕೈಯಲ್ಲಿಲ್ಲ. ಸಾಲದ ಮೊತ್ತ ಮತ್ತು ಕೋರ್ಸಿನ ಆಯ್ಕೆ ನಮ್ಮ ಕೈಯಲ್ಲಿದೆ. ಅವೆರಡನ್ನೂ ಪ್ರವೇಶ ಶುಲ್ಕ ಕಟ್ಟುವ ಮುನ್ನವೇ ನಿರ್ಧರಿಸಬೇಕು.